ಏಳು ಗಂಟೆ ಒದ್ದೆಯಾದ ಎಲೆ

(ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ವಾರ ಮಡಿಕೇರಿಯಲ್ಲಿ, ಮನೆಯಂಗಳದಲ್ಲಿ ಹೂಗಿಡ ಬೆಳೆಸುವವರು ಸೇರಿದ್ದ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಟಿಪ್ಪಣಿ ನೋಡಿಕೊಂಡು ಮತ್ತೆ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವ ಮುಂಚೆ ನಮ್ಮ ಮನೆಯ ಗುಲಾಬಿ ಗಿಡಗಳನ್ನು ಒಂದು ಸಲ ಎಣಿಸಿ ಬಂದೆ. ಒಟ್ಟು 28. ಅದರಲ್ಲಿ ಮೈಮೇಲೆ ಎಲೆ ಅಂತ ಇರುವುದು 9 ಗಿಡದಲ್ಲಿ. ಉಳಿದದ್ದೆಲ್ಲ ಮುಳ್ಳು ಕಡ್ಡಿ. ಗುಲಾಬಿ ಬಗ್ಗೆ ಮಾತಾಡಲು ಕರೆಸಿದವರ ಮನೆಯಲ್ಲೇ ಈ ಗತಿಯಾ ಅಂತ ನಗಬೇಡಿ. ನಿಮ್ಮ ಮನೆಯ ಲೆಕ್ಕವೂ ಹೆಚ್ಚುಕಮ್ಮಿ ಇದೇ ಅಂತ ಗೊತ್ತಿರುವುದರಿಂದಲೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಮಡಿಕೇರಿಯಲ್ಲಿ ಯಾರ ಮನೆಯ ಗುಲಾಬಿ ಹಸಿರಾಗಿ ತುಂಬಿಕೊಂಡು ನಿಂತಿದೆಯೋ, ಅವರ ಮನೆಗೆ ನಾವೆಲ್ಲ ಹೋಗಿ ಪಾಠ ಹೇಳಿಸಿಕೊಳ್ಳಬೇಕು.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ಕೊಡಗು ತಂಪು ಜಾಗ, ಇಲ್ಲಿ ಗುಲಾಬಿ ಸುರಿಯುತ್ತದೆ ಅಂತ. ಸುಳ್ಳಲ್ಲ, ಅರ್ಧ ನಿಜ. ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಗುಲಾಬಿಗೆ ಇಷ್ಟು ಹಿತವಾದ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಗುಲಾಬಿಯ ಊರೇ ಅಲ್ಲ, ಇದು ಪಾಚಿಯ ಊರು, ಜಿಗಣೆಯ ಊರು. ಆ ನಾಲ್ಕು ತಿಂಗಳು ಗಿಡದ ಜೊತೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಅನ್ನುವುದನ್ನು ಕಲಿಯಲು ನನಗೆ ಹತ್ತು ಹನ್ನೆರಡು ವರ್ಷ ಹಿಡಿಯಿತು. ಅದನ್ನೇ ಹೇಳುತ್ತೇನೆ.

ಮೊದಲು ನಮ್ಮ ದೊಡ್ಡ ಶತ್ರು, ಕಪ್ಪು ಚುಕ್ಕೆ ರೋಗ. ಎಲೆಯ ಮೇಲೆ ದುಂಡನೆಯ ಕಪ್ಪು ಮಚ್ಚೆ. ಅಂಚು ಕತ್ತರಿಸಿದ ಹಾಗೆ ನೇರವಾಗಿರುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಶಾಯಿ ತೊಟ್ಟಿಕ್ಕಿ ಹರಡಿದ ಹಾಗೆ ಎಳೆ ಎಳೆಯಾಗಿರುತ್ತದೆ. ಇದೇ ಗುರುತು, ಬೇರೆ ಚುಕ್ಕೆಗಳಿಂದ ಇದನ್ನು ಬೇರ್ಪಡಿಸುವುದು ಈ ಅಂಚನ್ನು ನೋಡಿ. ಆಮೇಲೆ ಮಚ್ಚೆಯ ಸುತ್ತ ಹಳದಿ ಬರುತ್ತದೆ, ಎಲೆ ಮುಟ್ಟಿದರೆ ಸಾಕು ಕಳಚಿ ಕೈಗೆ ಬರುತ್ತದೆ. ಬುಡದ ಎಲೆಯಲ್ಲಿ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಕಾರಣ ಒಂದು ಶಿಲೀಂಧ್ರ, ಡಿಪ್ಲೊಕಾರ್ಪಾನ್ ರೋಸೇ ಅಂತ ಹೆಸರು. ಇದರ ಬೀಜಕಣ ಗಾಳಿಯಲ್ಲಿ ಹಾರಿಕೊಂಡು ಬರುವುದು ಕಮ್ಮಿ. ಮಳೆಹನಿ ಬಿದ್ದು ಸಿಡಿದ ನೀರಿನ ಜೊತೆ ಎಲೆಯಿಂದ ಎಲೆಗೆ ಹಾರುತ್ತದೆ.

ಈಗ ನಾನು ಹೇಳುವ ಒಂದು ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬೇರೆಲ್ಲ ಮರೆತರೂ ಪರವಾಗಿಲ್ಲ. ಏಳು ಗಂಟೆ. ಆ ಬೀಜಕಣ ಎಲೆಯ ಮೇಲೆ ಕೂತು ಮೊಳೆತು ಒಳಗೆ ನುಗ್ಗಬೇಕಾದರೆ ಎಲೆ ಕನಿಷ್ಠ 7 ಗಂಟೆ ಹೊತ್ತು ಎಡೆಬಿಡದೆ ಒದ್ದೆಯಾಗಿರಬೇಕು. ಐದು ಗಂಟೆಯೊಳಗೆ ಎಲೆ ಒಣಗಿಬಿಟ್ಟರೆ ಅದರ ಆಟ ನಡೆಯುವುದಿಲ್ಲ. ಹವೆ 18ರಿಂದ 24 ಡಿಗ್ರಿ ಇದ್ದರೆ ಅದಕ್ಕೆ ಹಬ್ಬ. ಈಗ ನೀವೇ ಹೇಳಿ, ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜಡಿಮಳೆಯಲ್ಲಿ, ಮಡಿಕೇರಿಯಲ್ಲಿ ಎಲೆ ಒಣಗಲು ಎಷ್ಟು ಹೊತ್ತು ಬೇಕು? ಒಗೆದ ಬಟ್ಟೆಯೇ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ವಾರ ಒಣಗುವುದಿಲ್ಲ. ಹವೆಯೂ ಸರಿಯಾಗಿ ಅದೇ ಹವೆ. ಈ ರೋಗಕ್ಕೆ ಹೇಳಿ ಮಾಡಿಸಿದ ಹಾಗೆ ನಮ್ಮ ಮಳೆಗಾಲ ಇದೆ.

ಇಲ್ಲಿ ಕುಶಾಲನಗರದಿಂದ ಬಂದವರು ಇಬ್ಬರು ಮೂವರು ಕೂತಿದ್ದೀರಿ. ನಿಮಗೂ ನಮಗೂ ನಡುವೆ ಇರುವುದು 30 ಕಿಲೋಮೀಟರ್, ಆದರೆ ನಿಮ್ಮಲ್ಲಿ ಬೀಳುವ ಮಳೆ ನಮ್ಮದರ ಅರ್ಧಕ್ಕಿಂತ ಕಡಿಮೆ. ನಿಮ್ಮ ಗಿಡ ಜುಲೈನಲ್ಲೂ ಹೂ ಬಿಡುತ್ತದೆ, ಬಿಡಲಿ. ಆದರೆ ನೀವು ಕೊಟ್ಟ ಸಲಹೆಯನ್ನು ಭಾಗಮಂಡಲದವರು ಕೇಳಿದರೆ ಕೆಟ್ಟರು. ಗುಲಾಬಿ ಪುಸ್ತಕಗಳ ಕಷ್ಟವೂ ಇದೇ. ಬೆಂಗಳೂರಿನವರು ಬೆಂಗಳೂರಿಗೆ ಬರೆದಿರುತ್ತಾರೆ, ದಿಲ್ಲಿಯವರು ದಿಲ್ಲಿಗೆ. ಭಾರತದ ಗುಲಾಬಿಗೆ ಬಹಳ ಕೆಲಸ ಮಾಡಿದ ಡಾ. ಬಿ.ಪಿ. ಪಾಲ್ ಅವರು ಗೋಧಿ ತಳಿ ವಿಜ್ಞಾನಿ, 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು. ಅವರು ಇದ್ದದ್ದೂ ದಿಲ್ಲಿಯಲ್ಲೇ. ಮೂರು ಸಾವಿರ ಮಿಲಿಮೀಟರ್ ಮಳೆಯಲ್ಲಿ ಗುಲಾಬಿ ಕಾಯುವ ಕಷ್ಟ ನಮ್ಮದು, ಅದಕ್ಕೆ ನಾವೇ ದಾರಿ ಹುಡುಕಬೇಕು.

ನಾನು ಹುಡುಕಿದ ಮೊದಲ ದಾರಿ ತಪ್ಪು ದಾರಿ. ಹೇಳುತ್ತೇನೆ ಕೇಳಿ.

ನಮ್ಮದು ಕಾಫಿ ತೋಟದ ಮನೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಕರಿಮೆಣಸಿಗೆ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಔಷಧಿ, ಹೊಡೆಯುತ್ತಾರೆ. ಒಂದು ವರ್ಷ ಡ್ರಮ್ಮಿನಲ್ಲಿ ಇಪ್ಪತ್ತು ಲೀಟರಿನಷ್ಟು ಮಿಕ್ಕಿತ್ತು. ಮೆಣಸಿನ ಬಳ್ಳಿಗೆ ಒಳ್ಳೆಯದಾದದ್ದು ಗುಲಾಬಿಗೆ ಯಾಕಾಗಬಾರದು ಅಂತ ನಮ್ಮವರ ಹತ್ತಿರ ಹೇಳಿ ಎಲ್ಲ ಗಿಡಕ್ಕೂ ಮಿಂದು ಹೋಗುವ ಹಾಗೆ ಹೊಡೆಸಿದೆ. ಚಿಗುರೆಲ್ಲ ನೀಲಿ ಬಣ್ಣ ಬಳಿದ ಹಾಗೆ ಚೆಂದ ಕಾಣುತ್ತಿತ್ತು. ಮಾರನೇ ದಿನದಿಂದ ಮೋಡ, ಜಿಟಿಜಿಟಿ ಮಳೆ. ಹತ್ತು ದಿನ ಆಗುವಷ್ಟರಲ್ಲಿ ಎಲೆಯ ಮೇಲೆಲ್ಲ ಕೆಂಪು ನೇರಳೆ ಚುಕ್ಕೆ, ಎಲೆ ಹಳದಿ, ಬುಡದಲ್ಲಿ ರಾಶಿ. ರೋಗ ಬರುವ ಮುಂಚೆಯೇ ಔಷಧಿಯಿಂದ ಗಿಡ ಬೋಳಾಯಿತು. ನಮ್ಮ ಅತ್ತೆ ನೋಡಿ, "ಗುಲಾಬಿಗೂ ಮೆಣಸಿಗೂ ಒಂದೇ ಕಷಾಯವಾ?" ಅಂದರು, ಅಷ್ಟೇ.

ಆಮೇಲೆ ತಿಳಿಯಿತು, ತಾಮ್ರದ ಔಷಧಿ ಗುಲಾಬಿಯ ಎಳೆ ಎಲೆಗೆ ಆಗಿಬರುವುದಿಲ್ಲ. ಅದರಲ್ಲೂ ತಂಪು ಹವೆಯಲ್ಲಿ, ಎಲೆ ಬೇಗ ಒಣಗದೆ ಇದ್ದರೆ, ತಾಮ್ರ ಎಲೆಯೊಳಗೆ ಇಳಿದು ಸುಟ್ಟುಬಿಡುತ್ತದೆ. ಬೋರ್ಡೋ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಹೊತ್ತು ಇದೆ, ಕಡ್ಡಿಯಲ್ಲಿ ಎಲೆ ಇಲ್ಲದ ಹೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬೋರ್ಡೋ ಹೆಸರು ಬಂದದ್ದರಿಂದ ಒಂದು ಅಡ್ಡ ಮಾತು. ಅದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ದಾರಿಯಲ್ಲಿ ಹೋಗುವವರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿಯವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅನ್ನುವುದನ್ನು 1882ರಲ್ಲಿ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಗಮನಿಸಿದ. ನಮ್ಮ ಕಡೆಗೆ ಅದು ಗಟ್ಟಿಯಾಗಿ ಬಂದದ್ದು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೇಳಿಕೊಟ್ಟ ಮೇಲೆ. ಇನ್ನೊಂದು ಗಮ್ಮತ್ತು ಏನೆಂದರೆ, ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ನಮ್ಮ ಮಳೆನಾಡಿನ ಕೂಲಿಯವರ ಬಾಯಿಯ ಮಾತು ಲ್ಯಾಟಿನ್ ಹೆಸರಿನ ಬಾಲವಾಗಿ ಕೂತಿದೆ. ಒದ್ದೆಯಿಂದ ಬರುವ ರೋಗದ ವಿಷಯದಲ್ಲಿ ನಮಗೆ ಹೊರಗಿನವರು ಹೊಸದಾಗಿ ಹೇಳಿಕೊಡಬೇಕಾಗಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಕಾಫಿಗೆ ಮಳೆಗಾಲದ ಮುಂಚೆ ಮರಕಪಾತು ಮಾಡಿ ಗಾಳಿ ಬೆಳಕು ಬಿಡುತ್ತೇವಲ್ಲ, ಅದೇ ಬುದ್ಧಿಯನ್ನು ಅಂಗಳಕ್ಕೆ ತಂದರೆ ಸಾಕು. ನಾವು ತರುವುದಿಲ್ಲ. ತೋಟದಲ್ಲಿ ಇರುವ ಜಾಣತನವನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬರುತ್ತೇವೆ.

ಹಾಗಾದರೆ ಎಲೆ ಒದ್ದೆಯಾಗಿ ಏಳು ಗಂಟೆ ಕಳೆಯುವ ಮುಂಚೆ ಒಣಗುವ ಹಾಗೆ ಮಾಡುವುದು ಹೇಗೆ?

ಮೊದಲನೆಯದು ಜಾಗ. ನಮ್ಮಲ್ಲಿ ಮನೆ ಸುತ್ತ ಸಿಲ್ವರ್ ಓಕ್, ಹಲಸು, ಬೆಣ್ಣೆಹಣ್ಣು. ಮಳೆ ನಿಂತು ಎರಡು ಗಂಟೆ ಆದರೂ ಮರದಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಮರದಡಿಯ ಗುಲಾಬಿಗೆ ಮಳೆ ಎರಡು ಸಲ ಬರುತ್ತದೆ, ಬಿಸಿಲು ಒಂದು ಸಲವೂ ಬರುವುದಿಲ್ಲ. ಮೂಡಣ ದಿಕ್ಕಿನ ಬಿಸಿಲು ಬೀಳುವ ಜಾಗ ನೋಡಿ. ಬೆಳಗಿನ ಬಿಸಿಲು ರಾತ್ರಿಯ ಇಬ್ಬನಿಯನ್ನು ಎಂಟು ಗಂಟೆಗೇ ಕುಡಿದುಬಿಡುತ್ತದೆ. ಸಂಜೆಯ ಬಿಸಿಲು ಎಷ್ಟಿದ್ದರೂ ಆ ಕೆಲಸ ಮಾಡುವುದಿಲ್ಲ, ಅಷ್ಟು ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ ಬಿಡಿ. ಗೋಡೆಗೆ ಅಂಟಿಸಿ ನೆಡಬೇಡಿ.

ಎರಡನೆಯದು ಸೂರು. ಬೆಲೆಬಾಳುವ ಗಿಡ ಕುಂಡದಲ್ಲಿರಲಿ, ಜೂನ್ ಮೊದಲ ವಾರ ವರಾಂಡದ ಹೊರ ಅಂಚಿಗೆ, ಹಂಚಿನ ಸೂರಿನ ಒಳಗೆ ಎಳೆದುಕೊಳ್ಳಿ. ಸೂರಿನ ನೀರು ಬೀಳುವ ಗೆರೆಯಿಂದ ಎರಡು ಅಡಿ ಒಳಗೆ ಇರಬೇಕು, ಇಲ್ಲದಿದ್ದರೆ ಸಿಡಿತ ತಪ್ಪುವುದಿಲ್ಲ. ನಮ್ಮಲ್ಲಿ ಈಗ ಎಲೆ ಉಳಿದಿದೆ ಅಂದೆನಲ್ಲ, ಆ 9ರಲ್ಲಿ 6 ಗಿಡ ಹೀಗೆ ವರಾಂಡದಲ್ಲಿ ಇರುವಂಥವು. ಔಷಧಿ ಒಂದು ಸಲವೂ ಹೊಡೆದಿಲ್ಲ.

ಕುಂಡದ ಮಾತು ಬಂದರೆ ಕಣದ ಜಗಳವನ್ನೂ ಹೇಳಬೇಕು. ಮನೆ ಮುಂದಿನ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಬಿಸಿಲಿನ ಜಾಗ ಇನ್ನೊಂದಿಲ್ಲ. ಮಳೆ ಬಿಟ್ಟ ಮೇಲೆ ಕುಂಡ ಎಲ್ಲ ಅಲ್ಲಿಗೆ ಸಾಗಿಸುತ್ತೇನೆ. ಗಿಡ ಚಿಗುರಿ, ಮೊಗ್ಗು ಬಂದು, ಇನ್ನೇನು ಅರಳಬೇಕು ಅನ್ನುವಾಗ ಡಿಸೆಂಬರ್ ಬರುತ್ತದೆ, ಕಾಫಿ ಕೊಯ್ಲು ಶುರು. ಕಣ ಖಾಲಿ ಮಾಡು ಅಂತ ನಮ್ಮವರು. ಎರಡು ಸಾಲು ಬಿಡಿ ಅಂತ ನಾನು. ಹದಿನೈದು ವರ್ಷದಿಂದ ಈ ಮಾತುಕತೆ ನಡೆಯುತ್ತಿದೆ, ಒಂದು ವರ್ಷವೂ ನಾನು ಗೆದ್ದಿಲ್ಲ. ಕಾಫಿ ರೇಟು ಏರಿದ ಮೇಲಂತೂ ಬಾಯಿ ಬಿಡುವ ಹಾಗೇ ಇಲ್ಲ.

ಮೂರನೆಯದು ಬುಡ. ಬೀಜಕಣ ಸಿಡಿತದಲ್ಲಿ ಹಾರುತ್ತದೆ ಅಂದೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ಇರುವ ಎಲೆಯನ್ನು ಮೇ ತಿಂಗಳಲ್ಲೇ ಕಿತ್ತುಬಿಡಿ. ಬುಡಕ್ಕೆ ಒಣ ತರಗೆಲೆಯೋ, ಕೊಳೆತ ಕಾಫಿ ಸಿಪ್ಪೆಯೋ ತೆಳುವಾಗಿ ಹಾಸಿ, ಆಗ ಹನಿ ಬಿದ್ದರೂ ಮಣ್ಣು ಎಗರುವುದಿಲ್ಲ. ದಪ್ಪ ಹಾಸಿದರೆ ಬಸವನಹುಳು ಸೇರಿಕೊಳ್ಳುತ್ತದೆ. ಶನಿವಾರಸಂತೆ ಕಡೆಯವರಿಗೆ ಬಸವನಹುಳುವಿನ ವಿಷಯ ನಾನು ಹೇಳಿಕೊಡುವ ಅಗತ್ಯ ಇಲ್ಲ. ಉದುರಿದ ಎಲೆ ಹೆಕ್ಕಿ ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಬಿದ್ದ ಎಲೆಯಲ್ಲಿ, ಕಡ್ಡಿಯ ಮೇಲಿನ ನೇರಳೆ ಕಲೆಯಲ್ಲಿ ಆ ಶಿಲೀಂಧ್ರ ಮುಂದಿನ ಸಲಕ್ಕೆ ಕಾದು ಕೂತಿರುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ. ಸಿಂಪಡಣೆಗೆ ಸಾವಿರ ರೂಪಾಯಿ ಖರ್ಚು ಮಾಡುವವರೂ ಈ ಬಿಟ್ಟಿ ಕೆಲಸ ಮಾಡುವುದಿಲ್ಲ.

ಇಷ್ಟಾದ ಮೇಲೂ ಬಯಲಲ್ಲಿರುವ ಗಿಡ ಜುಲೈನಲ್ಲಿ ಎಲೆ ಉದುರಿಸುತ್ತದೆ. ಉದುರಿಸಲಿ. ನಾನು ಕಷ್ಟಪಟ್ಟು ಕಲಿತದ್ದು ಇದು. ಬಿಡದ ಮಳೆಯಲ್ಲಿ ಔಷಧಿ ಹೊಡೆದರೆ ಅದು ಗಿಡಕ್ಕೆ ಹೋಗುವುದಿಲ್ಲ, ಕಾವೇರಿಗೆ ಹೋಗುತ್ತದೆ. ಹೊಡೆಯಲೇಬೇಕು ಅನ್ನುವವರು ಮಳೆ ಹಿಡಿಯುವ ಮುಂಚೆ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಹೊಸ ಚಿಗುರು ಬಂದಾಗ ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಹೊಡೆಯಿರಿ. ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಸಾಕು, ಎಲೆಯ ಅಡಿಗೂ ತಾಗಬೇಕು. ಅದು ಎಲೆಯ ಮೇಲೆ ಕೋಟೆ ಕಟ್ಟುವ ಔಷಧಿ, ಒಳಗೆ ಹೋದ ರೋಗವನ್ನು ಓಡಿಸುವುದಿಲ್ಲ. ಚುಕ್ಕೆ ಬಂದ ಎಲೆ ಯಾವ ಔಷಧಿಗೂ ಮತ್ತೆ ಹಸಿರಾಗುವುದಿಲ್ಲ. ಅಂಗಡಿಯವರು ಆಗುತ್ತದೆ ಅಂದರೆ ನಕ್ಕು ಬನ್ನಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಡಬ್ಬದ ಮೇಲೆ ಬರೆದದ್ದಕ್ಕಿಂತ ಒಂದು ಚಮಚ ಹೆಚ್ಚು ಹಾಕುವ ಅಭ್ಯಾಸ ಬಿಡಿ.

ಈಗ ಕತ್ತರಿಯ ವಿಷಯ. ಕೊಡಗಿನಲ್ಲಿ ಗುಲಾಬಿ ಸಾಯುವುದು ಕಪ್ಪು ಚುಕ್ಕೆಯಿಂದಲ್ಲ. ಅದು ಬೋಳು ಮಾಡುತ್ತದೆ, ಅಷ್ಟೇ. ಕೊಲ್ಲುವುದು ಕಡ್ಡಿ ಒಣಗುವ ರೋಗ. ಕತ್ತರಿಸಿದ ತುದಿಯಿಂದ ಕಡ್ಡಿ ಕಂದು ಆಗಿ, ಕಪ್ಪಾಗಿ, ಕೆಳಗೆ ಕೆಳಗೆ ಇಳಿದು, ಕಸಿ ಕಟ್ಟಿದ ಗಂಟಿಗೆ ಬಂದರೆ ಗಿಡದ ಕಥೆ ಮುಗಿಯಿತು. ಇದನ್ನು ಹೆಚ್ಚಿನ ಸಲ ನಾವೇ ಕರೆಸಿಕೊಳ್ಳುತ್ತೇವೆ. ಮೇ ಕೊನೆಯಲ್ಲಿ ಮಳೆ ಬರುವ ಮುಂಚೆ ಗಿಡ ಕಪಾತು ಮಾಡಿಬಿಡೋಣ ಅಂತ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇವೆ. ಗಾಯ ಒಣಗುವ ಮುಂಚೆ ಮಳೆ. ಜೊತೆಗೆ ಕತ್ತರಿಸಿದ್ದರಿಂದ ಬಂದ ಎಳೆ ಚಿಗುರೆಲ್ಲ ಸರಿಯಾಗಿ ಮಳೆಯ ಬಾಯಿಗೆ. ಬಯಲುಸೀಮೆಯ ಪಂಚಾಂಗದಲ್ಲಿ ಜೂನ್ ಕಪಾತು ಇದೆ, ಅದು ಅಲ್ಲಿಗೆ ಸರಿ.

ನನ್ನ ಪಂಚಾಂಗ ಬೇರೆ. ಮೇ ತಿಂಗಳಲ್ಲಿ ಒಣ ಕಡ್ಡಿ, ಒಳಗೆ ಹೆಣೆದುಕೊಂಡ ಸಣ್ಣ ಕಡ್ಡಿ ಮಾತ್ರ ತೆಗೆಯುತ್ತೇನೆ, ಗಿಡದ ನಡು ಬಟ್ಟಲಿನ ಹಾಗೆ ತೆರೆದುಕೊಳ್ಳುವಷ್ಟು. ದೊಡ್ಡ ಕಪಾತು ತುಲಾ ಸಂಕ್ರಮಣ ಕಳೆದ ಮೇಲೆ. ಅಕ್ಟೋಬರ್ 17ಕ್ಕೆ ತಲಕಾವೇರಿಯಲ್ಲಿ ತೀರ್ಥ ಬಂದು, ಆಮೇಲೆ ನಾಲ್ಕು ದಿನ ಒಣ ಬಿಸಿಲು ಕಂಡಿತು ಅಂದರೆ ಕತ್ತರಿ ತೆಗೆಯುತ್ತೇನೆ. ಅಲ್ಲಿಂದ ಹೂ ಬರಲು ನಮ್ಮ ತಂಪಿನಲ್ಲಿ ಐವತ್ತು ದಿನ ಬೇಕು. ನಮ್ಮ ಸುಗ್ಗಿ ಹಬ್ಬ ಪುತ್ತರಿ ತಡವಾಗಿ ಬಂದ ವರ್ಷ ಕದಿರಿನ ಜೊತೆ ಮೊದಲ ಗುಲಾಬಿಯೂ ಮನೆಯೊಳಗೆ ಬರುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಕೆಲವು ಗಿಡವನ್ನು ಮಾತ್ರ ಇನ್ನೊಮ್ಮೆ ಮೇಲೆ ಮೇಲೆ ಕತ್ತರಿಸಿದರೆ ಗಣರಾಜ್ಯೋತ್ಸವದ ಹೊತ್ತಿಗೆ ಹೂ. ರಾಜಾಸೀಟಿನ ಫಲಪುಷ್ಪ ಪ್ರದರ್ಶನಕ್ಕೆ ಇಡುವವರಿಗೆ ಈ ಲೆಕ್ಕ ಗೊತ್ತೇ ಇದೆ.

ಕತ್ತರಿಸುವಾಗ ಹೊರಮುಖದ ಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಒಣಗಿದ ಕಡ್ಡಿಯಾದರೆ, ಒಳಗಿನ ತಿರುಳು ಬಿಳಿಯಾಗಿ ಕಾಣುವವರೆಗೆ ಕೆಳಗೆ ಕೆಳಗೆ ಹೋಗಿ. ತಿರುಳಿನಲ್ಲಿ ಕಂದು ಬಣ್ಣ ಒಂದು ಚುಕ್ಕೆ ಉಳಿದರೂ ಮತ್ತೆ ಇಳಿಯುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಯಾನಿಟೈಸರಿನಲ್ಲಿ ಒರೆಸಿ. ಕೊರೊನಾ ಕಾಲದಲ್ಲಿ ತಂದಿಟ್ಟ ಬಾಟಲಿ ಎಲ್ಲರ ಮನೆಯಲ್ಲೂ ಒಂದೆರಡು ಉಳಿದಿರುತ್ತದೆ, ಸರಿಯಾದ ಉಪಯೋಗ ಇದು.

ಆಮೇಲೆ ಬರುತ್ತದೆ ನಮ್ಮ ಬೋರ್ಡೋ. ಕತ್ತರಿಸಿ ಆದ ಮೇಲೆ, ಎಲೆ ಇಲ್ಲದ ಕಡ್ಡಿಗೆ, ಒಣ ದಿನ ನೋಡಿ ಒಂದು ಸಲ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ ಹಾಕಿದರೆ ತೋಟದ ಶೇಕಡಾ 1ರ ದ್ರಾವಣ. ಗುಲಾಬಿಗೆ ನಾನು ಎರಡನ್ನೂ ಅರ್ಧಕ್ಕೆ ಇಳಿಸುತ್ತೇನೆ. ಪ್ಲಾಸ್ಟಿಕ್ ಬಕೆಟಿನಲ್ಲೇ ಮಾಡಿ, ಕಬ್ಬಿಣದ್ದು ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡಿದರೆ ಕೆಡುತ್ತದೆ. ಹೊಳೆಯುವ ಕತ್ತಿಯ ತುದಿ ಅದ್ದಿ ನೋಡಿ, ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇದು ತೋಟದ ಮೇಸ್ತ್ರಿಗಳಿಗೆಲ್ಲ ಬಾಯಿಪಾಠ. ಮಾಡಿದ ದಿನವೇ ಮುಗಿಸಿ. ದಪ್ಪ ಕಡ್ಡಿಯ ಗಾಯಕ್ಕೆ ಅದನ್ನೇ ಗಟ್ಟಿ ಮಾಡಿ ಬ್ರಷ್‌ನಲ್ಲಿ ಹಚ್ಚಿ.

ಮಳೆ ಹೋಯಿತು, ಗಿಡ ಚಿಗುರಿತು, ಇನ್ನೇನು ಚಿಂತೆ ಇಲ್ಲ ಅನ್ನುವಾಗ ಎರಡನೆಯವನು ಬರುತ್ತಾನೆ. ಬೂದಿ ರೋಗ. ಎಳೆ ಚಿಗುರಿನ ಮೇಲೆ, ಮೊಗ್ಗಿನ ಕುತ್ತಿಗೆಯ ಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬಿಳಿ. ಎಲೆ ಮುದುಡುತ್ತದೆ, ಮೊಗ್ಗು ಅರಳುವುದಿಲ್ಲ. ಇದರ ಸ್ವಭಾವ ಮೊದಲನೆಯದಕ್ಕೆ ಪೂರಾ ಉಲ್ಟಾ. ಇದಕ್ಕೆ ಎಲೆಯ ಮೇಲೆ ನೀರು ನಿಂತರೆ ಆಗುವುದಿಲ್ಲ, ಬೀಜಕಣ ನೀರಿನಲ್ಲಿ ಮೊಳೆಯುವುದಿಲ್ಲ. ಇದಕ್ಕೆ ಬೇಕಾದದ್ದು ರಾತ್ರಿ ತೇವದ ತಂಪು ಗಾಳಿ, ಹಗಲು ಒಣ ಬಿಸಿಲು. ನಮ್ಮ ಡಿಸೆಂಬರ್ ಜನವರಿ ಅಂದರೆ ಅದೇ ತಾನೆ? ರಾತ್ರಿ ಕಂಬಳಿ ಹೊದ್ದು ಮಲಗಿ, ಹಗಲು ಕಣದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕಾಫಿ ಹರಡುವ ತಿಂಗಳು.

ಹಾಗಾಗಿ ಬೂದಿ ರೋಗಕ್ಕೆ ನನ್ನ ಮೊದಲ ಮದ್ದು ಬರೀ ನೀರು. ಬೆಳಿಗ್ಗೆ ಬಿಸಿಲು ಬಿದ್ದ ಹೊತ್ತಿಗೆ ಪೈಪಿನಲ್ಲಿ ಎಲೆಯ ಮೇಲೂ ಕೆಳಗೂ ಜೋರಾಗಿ ಹಾಯಿಸುತ್ತೇನೆ, ಮಧ್ಯಾಹ್ನದೊಳಗೆ ಒಣಗುತ್ತದೆ. ಏಳು ಗಂಟೆಯ ಲೆಕ್ಕ ಇಲ್ಲೂ ಮರೆಯಬೇಡಿ, ಸಂಜೆ ಹಾಯಿಸಿದರೆ ಇವನು ಹೋಗಿ ಅವನು ಬರುತ್ತಾನೆ. ಎರಡನೆಯದು ಹಾಲು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ, ಬಿಸಿಲಿನ ಹೊತ್ತಿಗೆ. ಅಜ್ಜಿಮದ್ದು ಅಂತ ಮೂಗು ಮುರಿಯಬೇಡಿ. ಬ್ರೆಜಿಲ್‌ನಲ್ಲಿ 1999ರಲ್ಲಿ ಕುಂಬಳದ ಜಾತಿಯ ಗಿಡದ ಬೂದಿ ರೋಗಕ್ಕೆ ಇದನ್ನು ಪರೀಕ್ಷೆ ಮಾಡಿ ಒಳ್ಳೆಯ ಫಲ ಕಂಡಿದ್ದಾರೆ. ಗುಲಾಬಿಯಲ್ಲಿ ನನಗೆ ಶುರುವಿನಲ್ಲಿ ಹೊಡೆದರೆ ಕೆಲಸ ಮಾಡಿದೆ, ಬಿಳಿ ಹಬ್ಬಿದ ಮೇಲೆ ಮಾಡಿಲ್ಲ. ಹಬ್ಬಿದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಬೇವಿನ ಎಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಬೇಡ, ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಂತೂ ಬೇಡವೇ ಬೇಡ, ಎಲೆ ಸುಡುತ್ತದೆ.

ಬೂಜು ರೋಗ ಅಂತ ಇನ್ನೊಂದಿದೆ, ಹೆಸರು ಹತ್ತಿರ, ಸ್ವಭಾವ ದೂರ. ಮಂಜು ಮುಸುಕಿದ ತಂಪಿನಲ್ಲಿ ಬರುತ್ತದೆ. ಎಲೆಯ ನರಗಳ ನಡುವೆ ಕೋನ ಕೋನವಾದ ನೇರಳೆ ಕಲೆ. ಕಪ್ಪು ಚುಕ್ಕೆ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಇದು ನಾಲ್ಕೈದು ದಿನದಲ್ಲಿ ಮಾಡಿ ಮುಗಿಸುತ್ತದೆ. ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ಆಡದ ಹಾಗೆ ಮುಚ್ಚಿಟ್ಟ ಗಿಡದಲ್ಲಿ. ಮೇಲೆ ಮುಚ್ಚಿ, ನಾಲ್ಕೂ ಬದಿ ತೆರೆದಿಡಿ.

ಹುಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ, ಅದಕ್ಕೂ ಪೈಪಿನ ನೀರೇ. ಮೊಗ್ಗಿನ ಒಳಗೆ ಥ್ರಿಪ್ಸ್, ಎಸಳಿನ ಅಂಚು ಕಂದು ಆಗುತ್ತದೆ, ಅಂಥ ಮೊಗ್ಗು ಕಿತ್ತು ಸುಡಿ. ಮೊದಲ ಮಳೆ ಬಿದ್ದ ರಾತ್ರಿ ದೀಪಕ್ಕೆ ಬರುವ ಕಂದು ಜೀರುಂಡೆ ಎಲೆ ತಿನ್ನುತ್ತದೆ, ಟಾರ್ಚ್ ಹಿಡಿದು ಹೆಕ್ಕಿ. ಇನ್ನು, ಎಲೆಯ ಅಂಚನ್ನು ಯಾರೋ ಬಳೆ ಇಟ್ಟು ಕತ್ತರಿಸಿದ ಹಾಗೆ ಅರ್ಧಚಂದ್ರಾಕಾರವಾಗಿ ಕತ್ತರಿಸಿಕೊಂಡು ಹೋದದ್ದು ಕಂಡರೆ ಗಾಬರಿಯಾಗಬೇಡಿ. ಅದು ಎಲೆ ಕತ್ತರಿಸುವ ಜೇನು, ಗೂಡು ಕಟ್ಟಲು ಒಯ್ಯುತ್ತದೆ. ರೋಗವೂ ಅಲ್ಲ, ಕಳ್ಳತನ ಅನ್ನುವಷ್ಟೂ ಅಲ್ಲ.

ಯಾವ ಗುಲಾಬಿ ನೆಡಬೇಕು ಅನ್ನುವುದನ್ನು ನಾನು ಮೊದಲೇ ಹೇಳಬೇಕಿತ್ತು, ಅರ್ಧ ಜಗಳ ಅಲ್ಲೇ ತೀರುತ್ತದೆ. ನರ್ಸರಿಗೆ ಹೋದರೆ ನಮ್ಮ ಕಣ್ಣು ಹೋಗುವುದು ಹಳದಿಗೆ. ಹಳದಿಯ ಕಥೆ ಕೇಳಿ. ನೂರಿಪ್ಪತ್ತು ವರ್ಷದ ಹಿಂದಿನವರೆಗೆ ದೊಡ್ಡ ಹೂವಿನ ಗುಲಾಬಿಯಲ್ಲಿ ಗಾಢ ಹಳದಿ ಇರಲೇ ಇಲ್ಲ. ಫ್ರಾನ್ಸಿನ ಲಿಯಾನ್ ಊರಿನ ಪೆರ್ನೆ ದುಶೇ ಅನ್ನುವವರು ಪರ್ಷಿಯನ್ ಎಲ್ಲೋ ಅನ್ನುವ ಹಳದಿ ಗುಲಾಬಿಯಿಂದ ಆ ಬಣ್ಣ ತಂದರು, 1900ರಲ್ಲಿ ಸೊಲೇ ದೋರ್ ಅನ್ನುವ ತಳಿ ಬಂತು. ಆ ಮೂಲದ ಗಿಡ ಮಳೆ ಕಾಣದ ಒಣ ನಾಡಿನದ್ದು, ಕಪ್ಪು ಚುಕ್ಕೆಗೆ ಎದುರು ನಿಲ್ಲುವ ಶಕ್ತಿ ಅದಕ್ಕಿಲ್ಲ. ಬಣ್ಣದ ಜೊತೆ ಆ ದೌರ್ಬಲ್ಯವೂ ಮನೆತನದಲ್ಲಿ ಇಳಿದು ಬಂತು. ನಮ್ಮಂಗಳದಲ್ಲಿ ಜೂನ್‌ನಲ್ಲಿ ಮೊದಲು ಬೋಳಾಗುವುದು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಗುಲಾಬಿ ಬಣ್ಣದ್ದು. ಆಸೆಯಾದರೆ ಹಳದಿ ಕುಂಡದಲ್ಲಿರಲಿ, ವರಾಂಡಕ್ಕೆ.

ಬಯಲಿಗೆ ದಪ್ಪ, ಮಿರುಗುವ ಎಲೆಯ ಗಿಡ ನೋಡಿ ತನ್ನಿ. ಮೇಣ ಹಚ್ಚಿದ ಹಾಗಿರುವ ಎಲೆಯಲ್ಲಿ ನೀರು ನಿಲ್ಲುವುದಿಲ್ಲ. ಕ್ವೀನ್ ಎಲಿಜಬೆತ್ ಅಂತ 1954ರ ತಳಿ, ತಿಳಿ ಗುಲಾಬಿ ಬಣ್ಣ, ಆಳೆತ್ತರ ಬೆಳೆಯುತ್ತದೆ, ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಇದೆ. ಅಮೆರಿಕದ ರಾಡ್ಲರ್ ಅನ್ನುವವರು ರೋಗ ತಡೆಯುವ ಗುಣಕ್ಕಾಗಿಯೇ ಬೆಳೆಸಿದ ನಾಕ್ ಔಟ್ 2000ದಲ್ಲಿ ಬಂತು, ಹೂವಿನಲ್ಲಿ ಗಾಂಭೀರ್ಯ ಇಲ್ಲ ಅಂತ ನನ್ನ ಅಭಿಪ್ರಾಯ, ಆದರೆ ಎಲೆ ಉಳಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅಜ್ಜಿಯಂದಿರ ಪನ್ನೀರು ಗುಲಾಬಿ, ಬಟನ್ ರೋಸ್. ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ ಎಣ್ಣೆ ಡಬ್ಬದಲ್ಲಿ ನೆಟ್ಟ ಪನ್ನೀರು ಗುಲಾಬಿ ಮಳೆಯಲ್ಲೂ ಎರಡು ಹೂ ಬಿಟ್ಟು ನಿಂತಿರುವುದನ್ನು ನೋಡಿ ಎಷ್ಟೋ ಸಲ ನನಗೆ ಹೊಟ್ಟೆಕಿಚ್ಚಾಗಿದೆ. ನೂರು ಎಸಳಿನ ತುಂಬು ಹೂವಿನ ತಳಿ ನಮಗೆ ಆಗದು, ಮೊಗ್ಗು ನೀರು ಕುಡಿದು ಅರಳದೆ ಚೆಂಡಾಗಿ ಕೊಳೆಯುತ್ತದೆ.

ಮಣ್ಣಿನದು ಎರಡೇ ಮಾತು. ನಮ್ಮದು ಹುಳಿ ಮಣ್ಣು, ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಗುಲಾಬಿಗೆ ರಸಸಾರ (ಪಿ.ಎಚ್.) 6ರಿಂದ 6.5 ಇದ್ದರೆ ಹಿತ. ಕಾಫಿಗೆ ಹಾಕುವ ಸುಣ್ಣದಲ್ಲೇ ಗಿಡಕ್ಕೆ ಒಂದು ಹಿಡಿ ಹಾಕಿ, ಗೊಬ್ಬರ ಹಾಕುವುದಕ್ಕೆ ಎರಡು ವಾರ ಮುಂಚೆ. ಮಡಿಯನ್ನು ಒಂದು ಅಡಿ ಎತ್ತರಿಸಿ, ಕಸಿಯ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಮೇ ತಿಂಗಳಿಂದ ಯೂರಿಯಾ ಮುಟ್ಟಬೇಡಿ.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು, ಕಾಫಿಯ ಎಲೆ ತುಕ್ಕು ರೋಗ ಗುಲಾಬಿಗೆ ಹಾರುತ್ತದಾ ಎಂದು ಕೇಳಿದರು. ಇಲ್ಲ. ಗುಲಾಬಿಗೂ ತುಕ್ಕು ರೋಗ ಇದೆ, ಎಲೆಯಡಿ ಕಿತ್ತಳೆ ಪುಡಿಯೂ ಹಾಗೇ ಕಾಣುತ್ತದೆ, ಆದರೆ ಶಿಲೀಂಧ್ರವೇ ಬೇರೆ. ಕಾಫಿಯದು ಗುಲಾಬಿಯ ಮೇಲೆ ಬದುಕುವುದಿಲ್ಲ, ಗುಲಾಬಿಯದು ಕಾಫಿಯ ಮೇಲೂ ಇಲ್ಲ. "ಹಾಗಾದರೆ ಮನೆಯಾಕೆಯ ಗಿಡದಿಂದ ನನ್ನ ತೋಟಕ್ಕೆ ಬಂತು ಅಂತ ಹೇಳುವ ಹಾಗಿಲ್ಲ," ಎಂದು ಅವರೇ ನಕ್ಕರು.

ಎಲೆಯಲ್ಲಿ ಹಳದಿ ಗೆರೆ ಅಂಕುಡೊಂಕಾಗಿ ಚಿತ್ತಾರ ಬಿಡಿಸಿದ ಹಾಗೆ ಬಂದಿದೆ ಎಂದು ಒಬ್ಬ ಹುಡುಗಿ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಅದು ವೈರಸ್ಸಿನಿಂದ ಬರುವ ನಂಜು ರೋಗ. ಕಸಿಯ ಮೂಲಕ ನರ್ಸರಿಯಿಂದಲೇ ಬಂದಿರುತ್ತದೆ. ಮದ್ದಿಲ್ಲ, ಆದರೆ ಕತ್ತರಿಯಿಂದ ಪಕ್ಕದ ಗಿಡಕ್ಕೆ ಹೋಗುವುದಿಲ್ಲ. ಹೂ ಬಿಡುತ್ತಿದ್ದರೆ ಇರಲಿ, ಅದರಿಂದ ಕಸಿ ಕಣ್ಣು ಮಾತ್ರ ಯಾರಿಗೂ ಕೊಡಬೇಡ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಅಕ್ಕ ಒಬ್ಬರು ಎದ್ದು, "ನಮ್ಮ ಗಿಡ ಆಟಿ (ಕಕ್ಕಡ) ತಿಂಗಳಿಂದ ಒಂದು ಎಲೆ ಇಲ್ಲದೆ ನಿಂತಿದೆ. ಸತ್ತಿದೆಯಾ ಬದುಕಿದೆಯಾ ಅಂತ ತಿಳಿಯುವುದು ಹೇಗೆ?" ಅಂದರು. ಕಡ್ಡಿಯ ಬುಡದ ಹತ್ತಿರ ಉಗುರಿನಲ್ಲಿ ಸಣ್ಣಗೆ ಕೆರೆದು ನೋಡಿ, ಸಿಪ್ಪೆಯ ಕೆಳಗೆ ಹಸಿರು ಕಂಡರೆ ಬದುಕಿದೆ, ಏನೂ ಮಾಡದೆ ತುಲಾ ಸಂಕ್ರಮಣದವರೆಗೆ ಬಿಟ್ಟುಬಿಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪಕ್ಕದಲ್ಲಿ ಕೂತಿದ್ದ ಸೊಸೆಯ ಮುಖ ನೋಡಿದರು.

"ಹೋದ ವಾರ ಕಿತ್ತು ಬೇಲಿಯ ಆಚೆ ಎಸೆದೆವಲ್ಲ ಮಾರಾಯ್ತಿ, ಅದು ಇನ್ನೂ ಅಲ್ಲೇ ಬಿದ್ದಿದೆಯಾ ನೋಡು."